ಬನ್ನಿ ಗಿಡದ ಬುಡದ ಮಣ್ಣು

ನಮ್ಮ ಕಡೆ ಹೊಲಕ್ಕೆ ಹೊಡೆಯುವ ಔಷಧಕ್ಕೆಲ್ಲ ಒಂದೇ ಹೆಸರು, ಎಣ್ಣಿ. ಹುಳಕ್ಕೆ ಹೊಡೆದರೆ ಹುಳದ ಎಣ್ಣಿ, ಕಳೆಗೆ ಹೊಡೆದರೆ ಕಸದ ಎಣ್ಣಿ. ಬಾಟಲಿಯಲ್ಲಿ ಬಂದರೂ ಎಣ್ಣಿ, ಪಾಕೀಟಿನಲ್ಲಿ ಬಿಳಿ ಪುಡಿಯಾಗಿ ಬಂದರೂ ಎಣ್ಣಿ. ಸವಣೂರಿನ ಕಡೆಯಿಂದ ಮದುವೆಯಾಗಿ ಚಿಕ್ಕೇರೂರಿನ ಹತ್ತಿರದ ಈ ಊರಿಗೆ ಬಂದ ಹೊಸದರಲ್ಲಿ, ಪುಡಿಗೆ ಯಾಕೆ ಎಣ್ಣಿ ಅನ್ನುತ್ತೀರಿ ಎಂದು ಗಂಡನನ್ನು ಕೇಳಿದ್ದೆ. "ಕಾಲೇಜು ಕಲತಾಕಿ ನೀನು, ನೀನ ಹೇಳು" ಎಂದು ನಕ್ಕಿದ್ದ. ಆ ಪುಡಿಯ ಹೆಸರು ಅಟ್ರಾಜಿನ್ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಅದೂ ಹೊಲದ ಕೆಲಸದಿಂದ ಅಲ್ಲ, ನಮ್ಮ ಮನೆಯ ದೇವರ ಜಗುಲಿಯ ಮುಂದೆ ನಡೆದದ್ದರಿಂದ.

ನಾನು ಬಂದಾಗ ಈ ಮನೆಯವರು ಕಸದ ಎಣ್ಣಿಯನ್ನು ಅಲ್ಲಿಷ್ಟು ಇಲ್ಲಿಷ್ಟು ಹೊಡೆಯುತ್ತಿದ್ದರು ಅಷ್ಟೇ. ಗೋವಿನಜೋಳ, ಅಂದರೆ ಮೆಕ್ಕೆಜೋಳ, ಬಿತ್ತಿದ ಮೇಲೆ ಎತ್ತು ಹೂಡಿ ಸಾಲಿನ ನಡುವೆ ಎಡೆ ಹೊಡೆಯುವುದು, ಉಳಿದ ಕಳೆಯನ್ನು ಹೆಂಗಸರು ಕುರ್ಚಿಗೆ ಎಂಬ ಸಣ್ಣ ಕುಡಗೋಲು ಹಿಡಿದು ಕೂತು ತೆಗೆಯುವುದು, ಇದೇ ರೂಢಿ. ಓಣಿಯ ಹೆಂಗಸರ ಜೊತೆ ನಾನೂ ಕೂತಿದ್ದೇನೆ. ಸಂಜೆ ಸೊಂಟ ಹಿಡಿದು ಎದ್ದೇಳುವಾಗ ಹೆತ್ತ ತಾಯಿ ನೆನಪಾಗುತ್ತಿದ್ದಳು. ಹಾಗಾಗಿ ಕೈಯಲ್ಲಿ ಕಳೆ ತೆಗೆಯುವ ಕಾಲವೇ ಬಂಗಾರದ ಕಾಲ ಎಂದು ಯಾರಾದರೂ ಭಾಷಣ ಮಾಡಿದರೆ ನನಗೆ ಸಿಟ್ಟು ಬರುತ್ತದೆ. ಒಂದು ದಿನ ಮಿರಿಗಿನ ಮಳೆಯ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಲಿ, ಭಾಷಣ ಎಲ್ಲಿಂದ ಬರುತ್ತದೋ ನೋಡೋಣ. ಆದರೆ ಒಂದು ಮಾತು ನಿಜ. ಮನೆಗೆ ತಿರುಗುವಾಗ ಎಲ್ಲರ ಉಡಿಯಲ್ಲೂ ಹತ್ತರಕಿ, ಗೋಳಿ, ರಾಜಗಿರಿ ಸೊಪ್ಪು ಇರುತ್ತಿತ್ತು. ಮಳೆಗಾಲದಲ್ಲಿ ಪಲ್ಯಕ್ಕೆ ಸಂತೆಗೆ ಹೋದವರನ್ನು ನಾನು ಕಂಡಿಲ್ಲ.

ಆಮೇಲೆ ಆಳು ಸಿಗುವುದು ಕಷ್ಟವಾಯಿತು. ನಮ್ಮ ಓಣಿಯ ಹೆಂಗಸರು ಬೀಜದ ಕಂಪನಿಯ ಪ್ಲಾಟುಗಳಿಗೆ, ಕೈಯಿಂದ ಪರಾಗ ಹಚ್ಚಿ ಹೂವು ಕೂಡಿಸುವ ಕೆಲಸಕ್ಕೆ ಹೋಗತೊಡಗಿದರು. ನೆರಳಿನ ಕೆಲಸ, ಪಗಾರವೂ ವಾಸಿ. ಯಾಕೆ ಹೋಗಬಾರದು? ನನ್ನ ಗಂಡ ಮತ್ತು ಮೈದುನ ಇಬ್ಬರೂ ಕೂಡಿ ಬ್ಯಾಟರಿ ಪಂಪು ತಂದರು. ಬಿತ್ತಿದ ಮರುದಿನ ಪುಡಿ ಕಲಸಿ ಹೊಡೆದುಬಿಟ್ಟರೆ ಕಳೆ ಹುಟ್ಟುವುದೇ ಇಲ್ಲ. ಇಡೀ ಹೊಲ ಬಾಚಿದ ತಲೆಯ ಹಾಗೆ ಸಾಲು ಸಾಲಾಗಿ ಕಾಣುತ್ತಿತ್ತು. ನಾನೂ ಖುಷಿಪಟ್ಟೆ. ಸೊಂಟ ಉಳಿಯಿತಲ್ಲ ಎಂದುಕೊಂಡೆ. ಪಲ್ಯದ ಸೊಪ್ಪು ಹೋಯಿತು, ಎಮ್ಮೆಗೆ ಬದುವಿನ ಹಸಿ ಹುಲ್ಲು ಕಡಿಮೆಯಾಯಿತು. ಆದರೂ ಯಾರೂ ಅದನ್ನು ದೊಡ್ಡ ಮಾತು ಮಾಡಲಿಲ್ಲ.

ಈಗ ನನ್ನ ಅತ್ತೆಯ ವಿಷಯ ಹೇಳಬೇಕು. ಊರಲ್ಲಿ ಅವರ ಕೈಗುಣ ದೊಡ್ಡದು. ಅವರು ಹಾಕಿದ ಬೀಜ ಹುಸಿಯಾಗುವುದಿಲ್ಲ ಎಂಬ ನಂಬಿಕೆ. ಬಿತ್ತುವ ದಿನ ಓಣಿಯ ನಾಲ್ಕಾರು ಮನೆಯವರು ಬೀಜದ ಬುಟ್ಟಿ ತಂದು ಅವರ ಮುಂದಿಡುತ್ತಾರೆ. ಅತ್ತೆ ಒಂದು ಹಿಡಿ ಎತ್ತಿ ಹಣೆಗೆ ಮುಟ್ಟಿಸಿ ತಿರುಗಿ ಬುಟ್ಟಿಗೆ ಹಾಕಬೇಕು. ಆಮೇಲೇ ಬುಟ್ಟಿ ಹೊಲಕ್ಕೆ. ಅವರು ಹೆಪ್ಪು ಹಾಕಿದ ಮೊಸರು ಕಲ್ಲಿನಂತೆ ಕೂಡುತ್ತದೆ. ನನ್ನ ಮೊಸರು ಒಂದು ದಿನ ಕೂಡಿದರೆ ಒಂದು ದಿನ ಇಲ್ಲ. "ನಿನ್ನ ಕೈಯಾಗ ಅವಸರ ಭಾಳ ಐತಿ" ಎಂದು ಹೇಳುತ್ತಾರೆ. ಬೈಗಳಲ್ಲ, ಇದ್ದ ಮಾತು. ಮಾವ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳನ್ನೂ ಆ ಹೊಲವನ್ನೂ ಹಿಡಿದು ನಿಲ್ಲಿಸಿದವರು ಅವರು. ಹಾಗಾಗಿ ಅವರ ಕೈಗುಣದ ಬಗ್ಗೆ ನಾನು ಚೇಷ್ಟೆ ಮಾಡಿದರೂ ಎದುರಿಗೆ ಮಾಡುತ್ತಿರಲಿಲ್ಲ.

ಮಹಾನವಮಿಗೆ ನಮ್ಮ ಮನೆಯಲ್ಲಿ ಘಟ ಹಾಕುತ್ತಾರೆ. ಅಗಲವಾದ ಬುಟ್ಟಿಯಲ್ಲಿ ಹೊಲದ ಮಣ್ಣು ಹರವಿ, ನಡುವೆ ನೀರು ತುಂಬಿದ ಮಣ್ಣಿನ ಕೊಡ ಇಟ್ಟು, ಸುತ್ತಲೂ ಗೋಧಿ, ಹೆಸರು, ಜೋಳ, ಗೋವಿನಜೋಳ ಎಲ್ಲ ಕೂಡಿಸಿ ಬಿತ್ತುವುದು. ಹಬ್ಬ ಮುಗಿಯುವಷ್ಟರಲ್ಲಿ ಸಸಿ ಗೇಣುದ್ದ ಬೆಳೆದಿರುತ್ತದೆ. ಬನ್ನಿ ಹಂಚುವ ದಿನ ಹೆಂಗಸರು ಅದನ್ನು ಮುಡಿಯುತ್ತಾರೆ, ಗಂಡಸರು ಟೊಪ್ಪಿಗೆಯಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಬೇರೆ ಮನೆಗಳಲ್ಲಿ ಘಟ ಕತ್ತಲ ಕೋಣೆಯಲ್ಲಿರುತ್ತದೆ, ಸಸಿ ಬಿಳಿಚಿಕೊಂಡು ಬೆಳೆಯುತ್ತದೆ. ನಮ್ಮ ಜಗುಲಿ ಕಿಟಕಿಯ ಪಕ್ಕ. ಬೆಳಗಿನ ಬಿಸಿಲು ನೇರ ಬುಟ್ಟಿಯ ಮೇಲೆ ಬೀಳುವುದರಿಂದ ನಮ್ಮ ಸಸಿ ಕಡುಹಸಿರು. ಅದೂ ಅತ್ತೆಯ ಕೈಗುಣದ ಲೆಕ್ಕಕ್ಕೇ ಸೇರಿತ್ತು.

ಘಟಕ್ಕೆ ಹಾಕುವ ಮಣ್ಣು ಎಲ್ಲಿಂದಲೋ ತರುವಂತಿಲ್ಲ. ಬಿತ್ತುವ ಹೊಲದ್ದೇ ಆಗಬೇಕು, ಅದರಲ್ಲೂ ನಮ್ಮ ಹೊಲದ ಮೂಲೆಯಲ್ಲಿರುವ ಬನ್ನಿ ಗಿಡದ ಬುಡದ್ದೇ ಆಗಬೇಕು. ಅದು ಅತ್ತೆಯ ಅತ್ತೆಯಿಂದ ಬಂದ ಪದ್ಧತಿ. ಅತ್ತೆ ಪ್ರತಿ ವರ್ಷ ತಾವೇ ಹೋಗಿ, ಚಪ್ಪಲಿ ಬಿಟ್ಟು, ಗಿಡಕ್ಕೆ ಅರಿಷಿಣ ಕುಂಕುಮ ಏರಿಸಿ, ಬೇರಿನ ಆಚೆ ಬದುವಿನ ಕಡೆ ಅಗೆದು ತರುತ್ತಿದ್ದರು. ಈ ವರ್ಷ ಮೊಣಕಾಲು ನೋವು. ಜೊತೆಗೆ ಮನೆಗೆ ಹೊಸ ಸೊಸೆ ಬಂದಿದ್ದಳು, ಹಾನಗಲ್ ತಾಲೂಕಿನ ಹುಡುಗಿ, ಮೈದುನನ ಹೆಂಡತಿ. ನನಗೆ ನೆಗೆಣ್ಣಿ. ಬೇಸಿಗೆಯಲ್ಲಿ ಮದುವೆಯಾಗಿ ಬಂದವಳಿಗೆ ಇದು ಗಂಡನ ಮನೆಯ ಮೊದಲ ಮಹಾನವಮಿ.

"ಈ ಸರತಿ ಮಣ್ಣು ನೀ ತಗೊಂಡ ಬಾರವಾ. ಬೀಜಾನೂ ನೀನ ಹಾಕು" ಎಂದರು ಅತ್ತೆ. ದೊಡ್ಡ ಮರ್ಯಾದೆ ಅದು. ನನಗೆ ಇಷ್ಟು ವರ್ಷ ಸಿಗದಿದ್ದದ್ದು. ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹುಡುಗಿ ತಲೆಸ್ನಾನ ಮಾಡಿ, ಹೊಸ ಇಳಕಲ್ ಸೀರೆ ಉಟ್ಟು ಹೋದಳು. ಬೇರಿನ ಆಚೆ ನೆಲ ಗಟ್ಟಿ, ಈಚೆ ಬೋರಿನ ಪೈಪಿನ ಬದಿಯಲ್ಲಿ ಮಣ್ಣು ಮೆತ್ತಗೆ, ಒಂದೂ ಹುಲ್ಲುಕಡ್ಡಿ ಇಲ್ಲದೆ ಹಸನಾಗಿತ್ತಂತೆ. ಅಲ್ಲೇ ಅಗೆದಳು. ಯಾರೇ ಆಗಿದ್ದರೂ ಅಲ್ಲೇ ಅಗೆಯುತ್ತಿದ್ದರು. ಮಣ್ಣು ತಂದು ಜರಡಿ ಹಿಡಿದು, ಹೆಂಟೆ ಒಡೆದು, ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಬಿತ್ತಿದಳು. ಅವಳು ಬಿತ್ತುವುದನ್ನು ನೋಡಿ, ಇವಳ ಮೊಸರೂ ಗಟ್ಟಿಯಾಗಿಯೇ ಕೂಡುತ್ತದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಮೊದಲು ಎಲ್ಲ ಚೆನ್ನಾಗಿತ್ತು. ಮೊಳಕೆ ಒಡೆಯಿತು, ಹಸಿರಾಯಿತು. ಅತ್ತೆ ಬಂದವರಿಗೆಲ್ಲ ಕಿಟಕಿಯ ಪರದೆ ಸರಿಸಿ ತೋರಿಸಿದರು. ಹಬ್ಬದ ನಡುವೆ ಒಂದು ಬೆಳಿಗ್ಗೆ ಗೋಧಿಯ ಎಲೆಗಳ ತುದಿ ಹಳದಿಯಾಗಿತ್ತು. ನೀರು ಹೆಚ್ಚಾಗಿರಬೇಕು ಎಂದು ನೀರು ಹಾಕುವುದನ್ನು ನಿಲ್ಲಿಸಿದರು. ಮರುದಿನ ಹಳದಿ ಕೆಳಗಿಳಿಯಿತು. ನೀರು ಕಡಿಮೆಯಾಯಿತೇನೋ ಎಂದು ಮತ್ತೆ ಹಾಕಿದರು. ಹೆಸರಿನ ಎಲೆಗಳ ಅಂಚು ಸುಟ್ಟ ಹಾಗೆ ಕಂದಾಯಿತು. ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನಕ್ಕೆ ಗೋಧಿ ನೆಲಕ್ಕೆ ಮಲಗಿತ್ತು.

ಆ ಸಂಜೆ ಆರತಿಗೆ ಬಂದ ಹೆಂಗಸರಲ್ಲಿ ಒಬ್ಬ ಮುದುಕಿ ಬುಟ್ಟಿಯನ್ನು ನೋಡಿ, ನಮ್ಮನ್ನು ನೋಡಿ, ಮೆಲ್ಲಗೆ ಕೇಳಿದಳು: "ಈ ಸರತಿ ಯಾರ ಕೈಲೆ ಹಾಕಿಸೀರಿ?"

ಅತ್ತೆಯ ಕಣ್ಣು ಹೊಸ ಸೊಸೆಯ ಕಡೆ ಹೋಯಿತು. ಅದೇ ಉತ್ತರವಾಯಿತು. ಹುಡುಗಿ ಅಲ್ಲೇ ತಟ್ಟೆ ಹಿಡಿದು ನಿಂತಿದ್ದಳು. ಎಲ್ಲರೂ ಹೋದ ಮೇಲೆ ಅತ್ತೆ ಬಾಯಿ ಬಿಟ್ಟರು: "ಇಷ್ಟ ವರ್ಷದಾಗ ಘಟಾ ಒಣಗಿದ್ದಿಲ್ಲ ನಮ್ಮನ್ಯಾಗ. ನನ್ನ ಕೈ ಬಿಟ್ಟು ನಿನ್ನ ಕೈಗೆ ಕೊಟ್ಟದ್ದ ತಪ್ಪಾತು." ಹುಡುಗಿ ಆರತಿ ತಟ್ಟೆ ಇಟ್ಟು ಒಳಗೆ ಹೋದಳು. ಬನ್ನಿ ಹಂಚುವ ದಿನ ಪಕ್ಕದ ಮನೆಯ ಸಸಿ ಈಸಿಕೊಂಡು ಮುಡಿದೆವು. ಅತ್ತೆಗೆ ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ.

ಅಲ್ಲಿಂದ ಶುರುವಾಯಿತು. ಹುಡುಗಿ ಹೆಪ್ಪು ಹಾಕಲು ಹೋದರೆ ಅತ್ತೆ "ನೀ ಬಿಡು". ಬೀಜದ ಕಣಜದ ಕೋಣೆಗೆ ಕಸ ಹೊಡೆಯಲು ಹೋದರೆ "ಅಲ್ಲಿ ಬ್ಯಾಡ". ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ಹುಡುಗಿ ತಿರುಗಿ ಮಾತಾಡುತ್ತಿದ್ದಳೋ ಏನೋ. ಓಣಿಯಲ್ಲಿ ಮಾತು ಹರಡಿತು. ಊರ ಬಾಯಿ ಮುಚ್ಚಲು ಮುಚ್ಚಳ ಎಲ್ಲಿದೆ? ಮೈದುನ ತಾಯಿಯ ಎದುರು ಬೆಕ್ಕಿನ ಮುಂದಿನ ಇಲಿ. ಹೆಂಡತಿಯ ಮುಖ ನೋಡುತ್ತಾನೆ, ತಾಯಿಯ ಮುಖ ನೋಡುತ್ತಾನೆ, ಎದ್ದು ಹೊಲಕ್ಕೆ ಹೋಗುತ್ತಾನೆ.

ಮೊದಲ ದೀಪಾವಳಿಗೆಂದು ತವರಿನವರು ಮಗಳು ಅಳಿಯ ಇಬ್ಬರನ್ನೂ ಕರೆದರು. ಹಬ್ಬ ಮುಗಿಸಿ ಮೈದುನ ಒಬ್ಬನೇ ಬಂದ. ನಮ್ಮಲ್ಲಿ ತವರಿಗೆ ಹೋಗಿ ಉಳಿದ ಸೊಸೆ ತಾನಾಗಿ ತಿರುಗಿ ಬರುವುದಿಲ್ಲ. ಗಂಡನ ಮನೆಯಿಂದ ಯಾರಾದರೂ ಕರೆಯಲು ಹೋಗಬೇಕು. ಹೋಗದಿದ್ದರೆ ಅಲ್ಲಿ ಕೂತ ಹುಡುಗಿಯನ್ನು ಅಲ್ಲಿನ ಓಣಿ ಕೇಳತೊಡಗುತ್ತದೆ, ಇನ್ನೂ ಕರ್ಯಾಕ ಬಂದಿಲ್ಲೇನ, ಯಾಕ ಬಂದಿಲ್ಲ ಎಂದು. ಮೈದುನ ಒಂದೆರಡು ಸಲ "ಹೋಗಿ ಕರ್ಕೊಂಡ ಬರ್ಲೇನವಾ" ಎಂದ. "ಅವಸರೇನೈತಿ, ಇರ್ಲಿ ಬಿಡು" ಎಂದರು ಅತ್ತೆ. ಆ ಇರ್ಲಿ ಬಿಡು ಎಂಬ ಮಾತಿಗೆ ನನ್ನ ಮೈ ಉರಿಯಿತು. ಒಂದು ಬುಟ್ಟಿ ಗೋಧಿ ಒಣಗಿದ್ದಕ್ಕೆ ಒಂದು ಹುಡುಗಿಯ ಬಾಳನ್ನು ಒಣಗಿಸಲು ಹೊರಟಿದ್ದಾರಲ್ಲ ಎನಿಸಿತು.

ಆದರೆ ಉರಿದರೆ ಆಯಿತೇ? ಅತ್ತೆಯ ಎದುರು ವಾದ ಮಾಡಲು ಒಂದು ಆಧಾರ ಬೇಕಲ್ಲ. ಎಮ್ಮೆಗೆ ನೀರು ಇಡುತ್ತ ಅದನ್ನೇ ಯೋಚಿಸುತ್ತಿದ್ದಾಗ ನನಗೆ ಹೊಳೆಯಿತು. ಘಟದಲ್ಲಿ ಸತ್ತದ್ದು ಎಲ್ಲವೂ ಅಲ್ಲ. ಗೋಧಿ ಸತ್ತಿತು, ಹೆಸರು ಸತ್ತಿತು. ಜೋಳ, ಗೋವಿನಜೋಳ ಎರಡೂ ಕೊನೆಯ ತನಕ ಹಸಿರಾಗಿ ನಿಂತಿದ್ದವು. ಉಳಿದದ್ದೆಲ್ಲ ಮಲಗಿದ್ದರಿಂದ ಅವುಗಳ ಕಡೆ ಯಾರೂ ನೋಡಿರಲಿಲ್ಲ. ಬಿತ್ತಿದ ಕೈ ಒಂದೇ. ಕೈ ಕೆಟ್ಟದ್ದಾಗಿದ್ದರೆ ಎಲ್ಲವೂ ಸಾಯಬೇಕಿತ್ತಲ್ಲ? ಕೈಗೆ ಕಾಳಿನ ಜಾತಿ ಹೇಗೆ ಗೊತ್ತಾಗುತ್ತದೆ?

ಶಿಗ್ಗಾವಿಯಲ್ಲಿ ನನ್ನ ಸೋದರಮಾವ ಇದ್ದಾರೆ. ಕೃಷಿ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು, ಈಗ ಮನೆಯ ಹಿತ್ತಲಿನಲ್ಲಿ ಬದನೆ ಗಿಡಗಳಿಗೆ ಭಾಷಣ ಮಾಡುತ್ತ ಇದ್ದಾರೆ. ಅವರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಮೊದಲು ಕೇಳಿದ್ದು: "ಮಣ್ಣು ಎಲ್ಲಿ ಅಗದಿದ್ರವಾ?"

"ಹೊಲದಾಗ, ಬನ್ನಿ ಗಿಡದ ಬುಡಕ."

"ನಿಮ್ಮ ಗಂಡಸ್ರು ಪಂಪ್ ಎಲ್ಲಿ ತೊಳೀತಾರ?"

ನನಗೆ ಗೊತ್ತಿರಲಿಲ್ಲ. ಗಂಡನನ್ನು ಕೇಳಿದೆ. "ಬನ್ನಿ ಗಿಡದ ಬುಡಕ. ನೆರಳೈತಿ, ಬೋರಿನ ಪೈಪೂ ಅಲ್ಲೇ ಐತಿ. ಎಣ್ಣಿ ಕಲಸೋದೂ ಅಲ್ಲೇ" ಎಂದ.

"ಉಳದದ್ದು ಏನ ಮಾಡ್ತೀರಿ?"

"ಅಲ್ಲೇ ಚೆಲ್ಲೋದು. ಮನೀಗೆ ತಂದು ಸಾರು ಮಾಡ್ಬೇಕೇನ?"

ಮರುದಿನ ಹೊಲಕ್ಕೆ ಹೋಗಿ ನೋಡಿದೆ. ಬುಡದಲ್ಲಿ ಹರಿದ ಪಾಕೀಟುಗಳು, ಒಂದು ಸೀಳಿದ ಪ್ಲಾಸ್ಟಿಕ್ ಬಕೆಟ್ಟು. ಕಾಂಡಕ್ಕೆ ಅರಿಷಿಣ ಕುಂಕುಮ. ಪೈಪಿನ ಕಡೆ ಚಾಪೆ ಹಾಸುವಷ್ಟು ಜಾಗ ಬೋಳು. ಹಿಂದೆ ಅಲ್ಲಿ ಗರಿಕೆ ಇರುತ್ತಿತ್ತು. ಗಿಡದ ನೆರಳಿಗೆ, ಮಂದಿಯ ಕಾಲಿಗೆ ಹುಲ್ಲು ಹೋಗಿದೆ ಎಂದು ನಾವೆಲ್ಲ ತಿಳಿದಿದ್ದೆವು. ಅಲ್ಲಿಂದ ಇಳಿಜಾರು ನೇರ ಹಳ್ಳಕ್ಕೆ. ವರ್ಷಕ್ಕೊಮ್ಮೆ ನಾವು ಕೈಮುಗಿದು ಮಣ್ಣು ಎತ್ತುವ ಜಾಗ ಮತ್ತು ಉಳಿದ ವಿಷ ಚೆಲ್ಲುವ ಜಾಗ ಒಂದೇ ಗಿಡದ ಎರಡು ಮಗ್ಗುಲು. ಗಿಡ ನಮಗೆ ಪೂಜೆಗೆ ಬೇಕಾಗಿತ್ತು, ಗಂಡಸರಿಗೆ ನೆರಳಿಗೆ, ಅಷ್ಟೇ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಪಾಕೀಟಿನ ಮೇಲಿದ್ದ ಅಟ್ರಾಜಿನ್ ಎಂಬ ಹೆಸರು ಓದಿ ಹೇಳಿದಾಗ ಸೋದರಮಾವ ಫೋನಿನಲ್ಲಿ ಬಿಡಿಸಿ ಹೇಳಿದರು. ಜೋಳ, ಗೋವಿನಜೋಳ ಆ ಪುಡಿಯನ್ನು ಅರಗಿಸಿಕೊಳ್ಳುತ್ತವೆ, ಅದಕ್ಕೇ ಅವುಗಳ ಹೊಲಕ್ಕೆ ಅದನ್ನು ಹೊಡೆಯುವುದು. ಗೋಧಿ, ಹೆಸರು, ಕಡಲೆ, ಕಾಯಿಪಲ್ಯಕ್ಕೆ ಆ ಶಕ್ತಿ ಇಲ್ಲ. "ಮೊದಲ ಹಸರ ಕಾಣ್ತಾವು, ಯಾಕಂದ್ರ ಬೀಜದಾಗ ತವರಿನ ಬುತ್ತಿ ಇರತೈತಿ. ಬುತ್ತಿ ತೀರಿದ ಮ್ಯಾಲೆ ಬಿಸಲಾಗ ತಮ್ಮ ಅಡಿಗಿ ತಾವು ಮಾಡ್ಕೋಬೇಕು. ಈ ಎಣ್ಣಿ ಆ ಒಲೀನ ಆರಿಸಿಬಿಡತೈತಿ. ಎಲಿ ತುದಿಯಿಂದ ಸಾಯ್ಕೊಂತ ಬರ್ತಾವು."

"ಹೊಡದು ನಾಕ ತಿಂಗಳ ಮ್ಯಾಲಾತಲ್ಲ ಮಾಮಾ. ಇಷ್ಟ ದಿನಾ ಇರತೈತೇನು?"

"ಅದಕ್ಕ ಒಂದ ಮಾತಿನ್ಯಾಗ ಉತ್ತರ ಇಲ್ಲವಾ. ಮಣ್ಣು ಹಸಿ ಇದ್ದು, ಬೆಚ್ಚಗಿದ್ದು, ಸಗಣಿಗೊಬ್ಬರ ಇದ್ರ ಮಣ್ಣಾಗಿನ ಕಣ್ಣಿಗೆ ಕಾಣದ ಜೀವಗಳು ಅದನ್ನ ಲಗೂನ ತಿಂದು ಮುಗಸ್ತಾವು. ಈ ವರ್ಷದಂಗ ಮಳಿ ನಡಕ ಕೈಕೊಟ್ರ ಹಂಗ ಕುಂತಿರತೈತಿ, ಮುಂದಿನ ಬೆಳೀಗೆ ಕಾಯ್ಕೊಂತ. ಎಣ್ಣಿಯಾಗೂ ಜಾತಿ ಅದಾವು. ಕೆಲವು ನಾಕಾರ ವಾರದಾಗ ಹೋಗ್ತಾವು, ಕೆಲವು ವರ್ಷ ದಾಟ್ತಾವು. ಮತ್ತ ಮಣ್ಣು ಬಿಟ್ಟು ಹೋತು ಅಂದ್ರ ಎಲ್ಲಾ ಮಾಯ ಆತು ಅಂತ ತಿಳೀಬ್ಯಾಡ. ಒಂದಿಷ್ಟು ನೀರಿನ ಕೂಡ ಹಳ್ಳಕ್ಕ, ಕೆರೀಗೆ, ಬೋರಿಗೂ ಇಳೀತೈತಿ. ನಿಮ್ಮ ಬನ್ನಿ ಗಿಡದ ಬುಡಕಂತೂ ವರ್ಷಾ ಚೆಲ್ಯಾರ. ಅಲ್ಲೀದು ಯಾವಾಗ ಹೋಗತೈತೋ ನಾ ಹೇಳಾಕ ಬರಂಗಿಲ್ಲ."

ನಮ್ಮ ಮನೆಗೆ ಕುಡಿಯುವ ನೀರು ಊರ ನಳದಿಂದ ಬರುತ್ತದೆ. ಹೊಲದಲ್ಲಿ ದುಡಿಯುವವರು ಮಾತ್ರ ಆ ಬೋರಿನದನ್ನೇ ಕುಡಿಯುತ್ತಾರೆ.  ಅಂದಿನಿಂದ ಬುತ್ತಿಯ ಜೊತೆ ನೀರಿನ ಕ್ಯಾನನ್ನೂ ಕಟ್ಟಿ ಕಳಿಸುತ್ತಿದ್ದೇನೆ. ಗಂಡ ಗೊಣಗುತ್ತಾನೆ, ಹೊತ್ತುಕೊಂಡು ಹೋಗುತ್ತಾನೆ.

ಅತ್ತೆಗೆ ಇದನ್ನೆಲ್ಲ ಬಾಯಲ್ಲಿ ಹೇಳಿದರೆ ನಂಬುವವರಲ್ಲ ಎಂದು ನನಗೆ ಗೊತ್ತಿತ್ತು. ಫೋನಿನೊಳಗಿನ ಮಾವನ ಮಾತಿಗಿಂತ ತಮ್ಮ ಕೈ ಮೇಲೆ ಅವರಿಗೆ ಭರವಸೆ ಹೆಚ್ಚು. ಹಾಗಾದರೆ ಆ ಕೈಯೇ ಹೇಳಲಿ ಎಂದು ನಿರ್ಧರಿಸಿದೆ. ಮೊಸರಿನ ಮೂರು ಮಣ್ಣಿನ ಕುಡಿಕೆ ತೊಳೆದು ಒಣಗಿಸಿದೆ. ಒಂದರಲ್ಲಿ ಬನ್ನಿ ಗಿಡದ ಬುಡದ ಮಣ್ಣು, ಒಂದರಲ್ಲಿ ಹೊಲದ ನಡುವಿನದು, ಒಂದರಲ್ಲಿ ಎಂದೂ ಎಣ್ಣಿ ಕಾಣದ ನಮ್ಮ ಹಿತ್ತಲ ನುಗ್ಗೆಯ ಬುಡದ್ದು. ಮೂರನ್ನೂ ಅತ್ತೆಯ ಮುಂದಿಟ್ಟು, "ಘಟಾ ಒಣಗಿದ್ದು ಮನಸಿನಾಗ ಕುಂತೈತ್ರಿ. ನಿಮ್ಮ ಕೈಲೆ ಇನ್ನೊಮ್ಮೆ ಗೋಧಿ, ಹೆಸರು ಹಾಕ್ರಿ, ಸಮಾಧಾನ ಆಕ್ಕತಿ" ಎಂದೆ.

ಅತ್ತೆ ನನ್ನನ್ನು ಒಂದು ನಮೂನೆ ನೋಡಿದರು. ನಾನು ಇಂಥ ಭಕ್ತೆ ಯಾವಾಗಿನಿಂದ ಆದೆ ಎಂಬ ಅನುಮಾನ. "ಮೂರ ಯಾಕ?"

"ಬ್ಯಾರೆ ಬ್ಯಾರೆ ಕಡೀದ ಮಣ್ಣು ಅದಾವ್ರಿ. ಯಾವುದು ಎಲ್ಲೀದು ಅಂತ ಆಮ್ಯಾಲೆ ಹೇಳ್ತೇನಿ."

ಕೈಗುಣದ ಮಾತು ಬಂದಾಗ ಹಿಂದೆ ಸರಿಯುವವರಲ್ಲ ಅವರು. ಕಾಳನ್ನು ಹಣೆಗೆ ಮುಟ್ಟಿಸಿ ಮೂರರಲ್ಲೂ ಹಾಕಿದರು. ಬಿಸಿಲು ಬೀಳುವ ಕಟ್ಟೆಯ ಮೇಲೆ ಇಟ್ಟೆವು. ನೀರೂ ಅವರೇ ಹಾಕುತ್ತಿದ್ದರು, ನನಗೆ ಮುಟ್ಟಲು ಬಿಡಲಿಲ್ಲ. ನನಗೆ ಬೇಕಾದದ್ದೂ ಅದೇ.

ಮೂರೂ ಕುಡಿಕೆಗಳಲ್ಲಿ ಮೊಳಕೆ ಬಂತು. ಅತ್ತೆ ಗೆದ್ದವರ ಹಾಗೆ ನನ್ನ ಕಡೆ ನೋಡಿದರು.  ನನಗೆ ಒಳಗೊಳಗೆ ಹೆದರಿಕೆ. ಮಾವನ ಲೆಕ್ಕ ತಪ್ಪಿ ಮೂರೂ ಹಸಿರಾಗಿಯೇ ನಿಂತರೆ ಆ ಹುಡುಗಿಯ ಕಥೆ ಅಲ್ಲಿಗೆ ಮುಗಿಯಿತು. ನಾನೇ ಕೈಯಾರೆ ಅವಳ ಕೈಗೆ ಕೆಟ್ಟ ಹೆಸರು ಗಟ್ಟಿ ಮಾಡಿಕೊಟ್ಟಂತೆ.

ಆಮೇಲೆ ಬನ್ನಿ ಗಿಡದ ಮಣ್ಣಿನ ಕುಡಿಕೆಯಲ್ಲಿ ಎಲೆಯ ತುದಿ ಹಳದಿಯಾಯಿತು. ಅತ್ತೆ ಅದನ್ನು ಹೆಚ್ಚು ಬಿಸಿಲಿನ ಕಡೆ ಸರಿಸಿದರು. ಬೇಗ ಬೇಗ ಕಂದಾಯಿತು. ನೆರಳಿಗೆ ತಂದಿಟ್ಟರು. ಕೊನೆಗೆ ನಾನು ನೋಡುತ್ತಿಲ್ಲ ಎಂದುಕೊಂಡು ಅದರ ಮುಂದೆ ಕೂತು ಬಾಯಲ್ಲಿ ಏನೋ ಮಂತ್ರ ಹೇಳಿಕೊಂಡರು. ಅದನ್ನು ನೋಡಿ ನನ್ನ ಸಿಟ್ಟು ಅರ್ಧ ಇಳಿದುಹೋಯಿತು. ಸಸಿ ಉಳಿಯಲಿಲ್ಲ. ಹೊಲದ ನಡುವಿನ ಮಣ್ಣಿನದು ಸಾಯಲಿಲ್ಲ, ಆದರೆ ತುದಿ ಸುಟ್ಟುಕೊಂಡು ಗಿಡ್ಡಗೆ ನಿಂತಿತು. ನುಗ್ಗೆಯ ಬುಡದ್ದು ಕಡುಹಸಿರು.

"ಹೇಳಿನ್ನ. ಯಾವುದು ಎಲ್ಲೀದು?" ಎಂದರು ಅತ್ತೆ.

ಹೇಳಿದೆ. ಪಂಪು ತೊಳೆಯುವುದನ್ನು, ಉಳಿದದ್ದನ್ನು ಚೆಲ್ಲುವುದನ್ನು, ಮಾವ ಹೇಳಿದ ತವರಿನ ಬುತ್ತಿಯ ಮಾತನ್ನು, ಎಲ್ಲ ಹೇಳಿದೆ. ಅವರು ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ತಮ್ಮ ಬಲಗೈಯನ್ನು ತಿರುವಿ ತಿರುವಿ ನೋಡಿಕೊಂಡರು. 

ಗಂಡುಮಕ್ಕಳು ಆಗ ಗೋವಿನಜೋಳ ಮುರಿದ ಹೊಲಕ್ಕೆ ಕಡಲೆ ಬಿತ್ತಲು ತಯಾರಿ ನಡೆಸಿದ್ದರು. ಆ ಸಂಜೆ ಇಬ್ಬರೂ ಊಟಕ್ಕೆ ಕೂತಾಗ ಅತ್ತೆ ಸತ್ತದ್ದು, ಗಿಡ್ಡಗಾದದ್ದು ಎರಡೂ ಕುಡಿಕೆಗಳನ್ನು ಅವರ ತಟ್ಟೆಯ ಪಕ್ಕ ಇಟ್ಟರು. "ಕಡ್ಲಿ ಬ್ಯಾಡ. ಈ ಸರತಿ ಬಿಳಿಜೋಳ ಬಿತ್ರಿ, ಅದು ತಡಕೊಂತೈತಂತ. ಪಂಪ್ ಇನ್ನ ಆ ಗಿಡದ ಬುಡಕ ತೊಳದ್ರ ನನ್ನ ಕಡೆ ಅನ್ನಾ ಕೇಳಾಕ ಬರಬ್ಯಾಡ್ರಿ."

ಗಂಡ, ಇಷ್ಟಕ್ಕೆಲ್ಲ ಏನೂ ಆಗುವುದಿಲ್ಲ, ಎಲ್ಲರೂ ಹೊಡೆಯುತ್ತಾರೆ ಎಂದು ಏನೋ ಶುರು ಮಾಡಿದ. ಅತ್ತೆ ಅವನ ಕಡೆ ನೋಡಲೇ ಇಲ್ಲ. "ನಾಳಿ ಮುಂಜಾನೆ ಹಾನಗಲ್ಲ ಬಸ್ಸಿಗೆ ಹೋಗೂಣ" ಎಂದು ನನಗೆ ಹೇಳಿದರು.

"ನಾ ಹೋಗಿ ಕರ್ಕೊಂಡ ಬರ್ತೇನಲ್ಲವಾ" ಎಂದ ಮೈದುನ. ಅವನ ಮುಖದಲ್ಲಿ ಆಗಲೇ ಬೆಳಕು ಬಂದಿತ್ತು.

"ನೀ ಕರದ್ರ ನಿನ್ನ ಹೇಣ್ತಿ ಬರ್ತಾಳ. ಆಡಿದಾಕಿ ನಾನು. ನಾ ಹೋಗ್ಬೇಕು."

ಕರೆಯಲು ಅತ್ತೆಯಾದವಳೇ ಹೋಗುವುದು ನಮ್ಮ ಕಡೆ ಇಲ್ಲ. ಗಂಡ ಹೋಗುತ್ತಾನೆ, ಇಲ್ಲವೇ ಯಾರಾದರೂ ಹಿರಿಯರು ಹೋಗುತ್ತಾರೆ. ಮೊಣಕಾಲ ನೋವಿನ ಅತ್ತೆಯನ್ನು ಬಸ್ಸು ಹತ್ತಿಸುವಷ್ಟರಲ್ಲಿ ನನಗೆ ಸಾಕಾಯಿತು. ಒಣಗಿದ ಕುಡಿಕೆಯನ್ನು ಸೆರಗಿನಲ್ಲಿ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಚೀಲದಲ್ಲಿ ಹಾಕಿರಿ ಎಂದರೆ ಕೇಳಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸು "ಏನ್ರಿ ಅದು, ಪ್ರಸಾದೇನ್ರಿ?" ಎಂದು ಕೇಳಿದಳು. "ಹೂಂ, ನಮ್ಮ ಮನಿ ಪ್ರಸಾದ" ಎಂದು ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿದೆವು. ದಾರಿಯ ಎರಡೂ ಕಡೆ ಭತ್ತದ ಕೊಯ್ಲು ನಡೆದಿತ್ತು.

ಹುಡುಗಿಯ ತಾಯಿ ಬಾಗಿಲಲ್ಲಿ ನಮ್ಮನ್ನು ಕಂಡು ಗಾಬರಿಯಾದರು. ಅತ್ತೆಯೇ ಬಂದಿದ್ದಾರೆ ಎಂದರೆ ಸಂಬಂಧ ಮುರಿಯಲೇ ಬಂದಿದ್ದಾರೆ ಎಂದು ತಿಳಿದಿರಬೇಕು. ಕೈಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, "ಕೂಡ್ರಿ, ಕೂಡ್ರಿ" ಎಂದು ಅದೇ ಮಾತನ್ನೇ ಹೇಳುತ್ತಿದ್ದರು. ಹುಡುಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಸೊರಗಿದ್ದಳು. ಅತ್ತೆಯ ಮುಖ ನೋಡಲಿಲ್ಲ.

ಅತ್ತೆ ಸೆರಗು ಸರಿಸಿ ಕುಡಿಕೆಯನ್ನು ನೆಲದ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟರು.

"ಇವು ನನ್ನ ಕೈಲೆ ಸತ್ತಾವು" ಎಂದರು. "ಬನ್ನಿ ಗಿಡದ ಮಣ್ಣು. ಬೀಜಾ ನಾನ ಹಾಕೇನಿ, ನೀರೂ ನಾನ ಹಾಕೇನಿ. ನಿನ್ನ ಕೈಯಾಗ ಏನೂ ಇಲ್ಲವಾ. ಮಣ್ಣಾಗ ಐತಿ. ಚೆಲ್ಲಿದವ್ರು ನನ್ನ ಮಕ್ಕಳು, ಅಂದಾಕಿ ನಾನು."

ಹುಡುಗಿಯ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.  ಹುಡುಗಿ ಬಂದು ಕುಡಿಕೆಯ ಮುಂದೆ ಕೂತಳು. ಒಣಗಿದ ಗೋಧಿಯ ಎಳೆಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ಬರೂ ವರ್ಷ ಘಟದ ಮಣ್ಣು ಯಾರ ತರಬೇಕ್ರಿ ಅತ್ತ್ಯಾರ?" ಎಂದು ಕೇಳಿದಳು.

"ನೀನ ತರಬೇಕು. ಬೀಜಾನೂ ನೀನ ಹಾಕು."

"ಎಲ್ಲೀದು ತರ್ಲ್ರಿ?"

 ಹಿತ್ತಲದ್ದು ಆಗುವುದಿಲ್ಲ, ಬಿತ್ತುವ ಹೊಲದ್ದೇ ಬೇಕು. ನಮ್ಮ ಹೊಲದ ನಡುವಿನದೂ ಸರಿ ಇಲ್ಲ ಎಂದು ಆ ಗಿಡ್ಡ ಸಸಿ ಹೇಳಿತ್ತು. ಪಕ್ಕದವರ ಹೊಲ? ಅವರೂ ಹೊಡೆಯುತ್ತಾರೆ. ಹಳ್ಳದ ದಂಡೆಯ ತುಂಡು? ಅಲ್ಲಿಗೆ ಮೇಲಿನ ಹೊಲಗಳ ನೀರೆಲ್ಲ ಇಳಿಯುತ್ತದೆ. ಊರಿನ ಒಂದೊಂದೇ ಹೊಲವನ್ನು ನಾವು ಮೂವರೂ ಮನಸ್ಸಿನಲ್ಲೇ ತಿರುಗಿದೆವು ಅನಿಸುತ್ತದೆ. "ನಮ್ಮ ಗದ್ದೀದು ಒಯ್ರಿ ಅನ್ನೂಣಂದ್ರ ನಾವೂ ಹೊಡದೇವ್ರಿ, ಬ್ಯಾರೆ ಎಣ್ಣಿ" ಎಂದರು ಹುಡುಗಿಯ ತಾಯಿ, ತಪ್ಪು ಮಾಡಿದವರ ಹಾಗೆ.

ಹುಡುಗಿ ಎದ್ದಳು. ಮೊದಲ ಸಲ ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ನಾ ಬರ್ತೇನ್ರಿ. ಆದ್ರ ಮದ್ಲ ಹೊಲದಾಗ ಒಂದ ತುಂಡ ನನಗ ಬಿಡ್ರಿ. ಅಲ್ಲಿ ಯಾರೂ ಎಣ್ಣಿ ಹೊಡೀಬಾರ್ದು, ಕಸಾ ನಾನ ತಗೀತೇನಿ. ಮಣ್ಣು ಹಸನಾತು ಅಂತ ಗೋಧಿ ಹುಟ್ಟಿ ನಿಂತು ಹೇಳೂತನಕ ಮನ್ಯಾಗ ಘಟಾ ಹಾಕೂದು ಬ್ಯಾಡ್ರಿ."

ಘಟ ಹಾಕದ ಮಹಾನವಮಿಯನ್ನು ಅತ್ತೆ ತಮ್ಮ ಜನ್ಮದಲ್ಲಿ ಕಂಡವರಲ್ಲ. ಇಲ್ಲ ಎನ್ನುತ್ತಾರೆ ಎಂದುಕೊಂಡೆ. ಅವರು ಕುಡಿಕೆಯ ಕಡೆ ನೋಡಿದರು, ಹುಡುಗಿಯ ಕೈಯ ಕಡೆ ನೋಡಿದರು.

"ಆತು" ಎಂದರು. "ಎಷ್ಟ ವರ್ಷ ಹಿಡೀತೈತೋ ಹಿಡೀಲಿ."